ಟ್ರ್ಯಾಕ್ ರೋಬೋಟ್: ಹಿಡಿತ ಆಮೇಲೆ, ಮೊದಲು ತಿರುಗುತ್ತದಾ ನೋಡಿ

ಮಾನ್ಯ ಸಂಪಾದಕರೇ,

ನಿಮ್ಮ ವಿದ್ಯಾರ್ಥಿ ಪುಟದಲ್ಲಿ ರೋಬೋಟ್ ಸ್ಪರ್ಧೆಗಳ ಬಗ್ಗೆ ಬಂದ ಬರಹ ಓದಿದೆ. ಹುಡುಗರು ಕೈಯಾರೆ ಕಟ್ಟಿದ ಯಂತ್ರಗಳಿಗೆ ಅಷ್ಟು ಜಾಗ ಕೊಟ್ಟಿದ್ದೀರಿ, ಅದಕ್ಕೆ ಮೊದಲು ಥ್ಯಾಂಕ್ಸ್. ಆದರೆ ಅದರಲ್ಲಿನ ಒಂದು ಮಾತಿಗೆ ಉತ್ತರ ಬರೆಯದೇ ಇರಲು ಆಗಲಿಲ್ಲ. ಟ್ಯಾಂಕಿಗೆ ಇರುವಂಥ ಟ್ರ್ಯಾಕ್ (ಚಕ್ರಗಳನ್ನು ಸುತ್ತಿ ಓಡುವ ಪಟ್ಟಿ) ಹಾಕಿದರೆ ನೆಲದ ಮೇಲೆ ಹಿಡಿತ ಜಾಸ್ತಿ, ಹಾಗಾಗಿ ಅಂಥ ರೋಬೋಟ್‌ಗಳೇ ಗೆಲ್ಲುತ್ತವೆ ಅನ್ನುವ ಅರ್ಥದ ಮಾತು ಅದು. ಇದನ್ನು ನಂಬಿ ಎಷ್ಟೋ ತಂಡಗಳು ಚಕ್ರ ಬಿಚ್ಚಿ ಟ್ರ್ಯಾಕ್ ಹಾಕುತ್ತವೆ. ಆಮೇಲೆ ರೋಬೋಟ್ ಯಾಕೆ ತಿರುಗುತ್ತಿಲ್ಲ ಅಂತ ಸ್ಪರ್ಧೆಯ ಹಿಂದಿನ ರಾತ್ರಿ ತಲೆ ಕೆಡಿಸಿಕೊಳ್ಳುತ್ತವೆ.

ನಾನು ಎಕ್ಸ್‌ಕವೇಟರ್, ಡೋಜರ್‌ಗಳ ಅಂಡರ್‌ಕ್ಯಾರೇಜ್ ಮೆಕ್ಯಾನಿಕ್, ಅಂದರೆ ಆ ಯಂತ್ರಗಳ ಅಡಿಭಾಗ, ಟ್ರ್ಯಾಕ್ ರಿಪೇರಿ ಮಾಡುವವನು. ಚೈನು, ಅದರ ಮೇಲಿನ ಪಟ್ಟಿಗಳಾದ ಶೂ, ಭಾರ ಹೊರುವ ರೋಲರ್, ತುದಿಯಲ್ಲಿ ಚೈನನ್ನು ಬಿಗಿಯಾಗಿ ಹಿಡಿಯುವ ಐಡ್ಲರ್ ಚಕ್ರ, ಚೈನನ್ನು ಎಳೆಯುವ ಹಲ್ಲಿನ ಚಕ್ರ ಸ್ಪ್ರಾಕೆಟ್ ಇವುಗಳ ನಡುವೆಯೇ ದುಡಿದು ನಿವೃತ್ತನಾದವನು. ಈಗ ಬಿಡುವಿದ್ದಾಗ ಒಂದು ಕಾಲೇಜು ತಂಡದ ವರ್ಕ್‌ಶಾಪಿಗೆ ಹೋಗಿ ಹುಡುಗರ ಜೊತೆ ಕೂರುತ್ತೇನೆ. ದೊಡ್ಡ ಯಂತ್ರದಲ್ಲಿ ಇಪ್ಪತ್ತು ಟನ್ ಹೊರುವ ಟ್ರ್ಯಾಕ್ ಮಾಡುವ ಹಟವನ್ನೇ ಹುಡುಗರ ರೋಬೋಟ್‌ನ ರಬ್ಬರ್ ಬೆಲ್ಟೂ ಮಾಡುತ್ತದೆ. ಅಳತೆ ಮಾತ್ರ ಬೇರೆ.

ಮೊದಲು ಹಿಡಿತದ ಮಾತು. ಗಟ್ಟಿ, ಸಮತಟ್ಟಾದ ನೆಲದಲ್ಲಿ ಘರ್ಷಣೆ ಎಷ್ಟು ಸಿಗುತ್ತದೆ ಅನ್ನುವುದನ್ನು ಮುಖ್ಯವಾಗಿ ನಿರ್ಧರಿಸುವುದು ಎರಡೇ: ನೆಲವನ್ನು ಒತ್ತುವ ತೂಕ, ಮತ್ತು ತಾಗುವ ಎರಡು ವಸ್ತುಗಳ ಗುಣ. ತಾಗುವ ಜಾಗ ಅಗಲವಾದ ಮಾತ್ರಕ್ಕೆ ಹಿಡಿತ ಅದೇ ಲೆಕ್ಕದಲ್ಲಿ ಏರುವುದಿಲ್ಲ. 50 ಕೆಜಿಯ ರೋಬೋಟ್ ಚಕ್ರದ ಮೇಲೆ ನಿಂತರೂ, ಟ್ರ್ಯಾಕಿನ ಮೇಲೆ ನಿಂತರೂ ನೆಲ ಒತ್ತುವುದು 50 ಕೆಜಿಯೇ. ಮೆತ್ತನೆಯ ರಬ್ಬರಿನಲ್ಲಿ ಜಾಗದ ಲೆಕ್ಕ ಸ್ವಲ್ಪ ಬರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಎಲ್ಲ ಚಕ್ರಕ್ಕೂ ಮೋಟರ್ ಶಕ್ತಿ ಕೊಟ್ಟು, ಅದೇ ರಬ್ಬರ್ ಸುತ್ತಿದರೆ ಚಕ್ರದ ರೋಬೋಟೂ ಹೆಚ್ಚುಕಡಿಮೆ ಅಷ್ಟೇ ಬಲವಾಗಿ ತಳ್ಳುತ್ತದೆ. ಜೊತೆಗೆ ಬೆಲ್ಟ್ ಪ್ರತಿ ರೋಲರ್ ಸುತ್ತ ಬಾಗಿ ನೆಟ್ಟಗಾಗುವಾಗ ತಿನ್ನುವ ಶಕ್ತಿ ಚಕ್ರದಲ್ಲಿ ಉಳಿಯುತ್ತದೆ.

ಹಾಗಾದರೆ ಟ್ರ್ಯಾಕ್ ಯಾಕೆ ಬೇಕು? ಮೆತ್ತನೆಯ ನೆಲದಲ್ಲಿ ತೂಕ ಹರಡಲು. ಚಕ್ರ ಸಿಕ್ಕಿಬೀಳುವ ಹಳ್ಳ ದಾಟಲು. ಮೆಟ್ಟಿಲು, ದಿಣ್ಣೆ ಹತ್ತುವಾಗ ಹೊಟ್ಟೆ ತಾಗಿ ನೇತಾಡದಿರಲು. ಅಮೆರಿಕದಲ್ಲಿ ಶುರುವಾದ ಫಸ್ಟ್ ರೋಬೋಟಿಕ್ಸ್ ಸ್ಪರ್ಧೆಯ 2016ರ ಆಟದಲ್ಲಿ ಕೋಟೆಯ ಕಂದಕ, ಕಲ್ಲುಗೋಡೆ, ಒರಟು ನೆಲ ಇಂಥ ಅಡೆತಡೆಗಳನ್ನು ರೋಬೋಟ್ ದಾಟಬೇಕಿತ್ತು. ಆ ವರ್ಷ ಅನೇಕ ತಂಡಗಳು ಟ್ರ್ಯಾಕಿಗೆ ಹೋದವು, ಅದಕ್ಕೆ ಕಾರಣ ಇತ್ತು. ಬೇರೆ ಅನೇಕ ತಂಡಗಳು ಗಾಳಿ ತುಂಬಿದ ದಪ್ಪ ಟೈರು ಹಾಕಿಕೊಂಡು ಅದೇ ಅಡೆತಡೆ ದಾಟಿದವು ಅನ್ನುವುದನ್ನೂ ನೆನಪಿಡಬೇಕು. ಅಂಗಳ ಪೂರ್ತಿ ಸಮತಟ್ಟಾಗಿದ್ದರೆ ನಾನು ನಮ್ಮ ಹುಡುಗರಿಗೆ ಹೇಳುವುದು ಒಂದೇ: ಆರು ಚಕ್ರ ಹಾಕಿ, ಸುಲಭವಾಗಿ ತಿರುಗಲಿ ಅಂತ ನಡುವಿನ ಜೋಡಿಯನ್ನು ಮೂರು ಮಿಲಿಮೀಟರ್ ಕೆಳಗಿಳಿಸಿ, ಉಳಿದ ಸಮಯದಲ್ಲಿ ಓಡಿಸಿ ಅಭ್ಯಾಸ ಮಾಡಿ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಟ್ರ್ಯಾಕ್ ರೋಬೋಟ್‌ನ ವಿನ್ಯಾಸದಲ್ಲಿ ಎಲ್ಲವನ್ನೂ ನಿರ್ಧರಿಸುವುದು ಅದು ತಿರುಗುವ ಕ್ಷಣ. ನೇರ ಓಡುವುದು ಯಾವ ಟ್ರ್ಯಾಕಿಗೂ ಕಷ್ಟವಲ್ಲ. ಇದ್ದಲ್ಲೇ ತಿರುಗಬೇಕಾದರೆ ಒಂದು ಪಕ್ಕ ಮುಂದಕ್ಕೆ, ಇನ್ನೊಂದು ಪಕ್ಕ ಹಿಂದಕ್ಕೆ ಓಡಬೇಕು. ಆಗ ಟ್ರ್ಯಾಕಿನ ನಡುಭಾಗ ಇದ್ದಲ್ಲೇ ಇರುತ್ತದೆ, ಎರಡು ತುದಿಗಳು ಮಾತ್ರ ಅಡ್ಡಡ್ಡ ಉಜ್ಜಿಕೊಂಡು ಹೋಗುತ್ತವೆ, ತುಂಬಿದ ಬೀರುವನ್ನು ನೆಲದ ಮೇಲೆ ಪಕ್ಕಕ್ಕೆ ಎಳೆದ ಹಾಗೆ. ಹಿಡಿತ ಜಾಸ್ತಿ ಇದ್ದಷ್ಟೂ ಈ ಉಜ್ಜಾಟ ಜಾಸ್ತಿ. ಯಾವ ಹಿಡಿತಕ್ಕಾಗಿ ಟ್ರ್ಯಾಕ್ ಹಾಕಿದರೋ ಅದೇ ಹಿಡಿತ ತಿರುಗಲು ಬಿಡುವುದಿಲ್ಲ.

ಲೆಕ್ಕ ಸುಲಭ, ಯಾವ ಹುಡುಗನೂ ಮಾಡಬಹುದು. ತೂಕ ಟ್ರ್ಯಾಕಿನ ಉದ್ದಕ್ಕೂ ಸಮನಾಗಿ ಹಂಚಿದೆ ಅಂದುಕೊಳ್ಳಿ. ತೂಕವನ್ನು ಘರ್ಷಣೆಯ ಗುಣಾಂಕದಿಂದಲೂ (ತಾಗುವ ಎರಡು ಮೈಗಳು ಎಷ್ಟು ಹಿಡಿಯುತ್ತವೆ ಅನ್ನುವ ಸಂಖ್ಯೆ), ನೆಲಕ್ಕೆ ತಾಗುವ ಉದ್ದದಿಂದಲೂ ಗುಣಿಸಿ. ಎರಡು ಟ್ರ್ಯಾಕುಗಳ ನಡುಗೆರೆಗಳ ಅಂತರದ ನಾಲ್ಕು ಪಟ್ಟಿನಿಂದ ಭಾಗಿಸಿ. ಇದ್ದಲ್ಲೇ ತಿರುಗಲು ಪ್ರತಿ ಪಕ್ಕದ ಟ್ರ್ಯಾಕ್ ತಳ್ಳಬೇಕಾದ ಬಲ ಸಿಗುತ್ತದೆ. 50 ಕೆಜಿ ರೋಬೋಟ್, ಗುಣಾಂಕ 1, ತಾಗುವ ಉದ್ದ 60 ಸೆಂಟಿಮೀಟರ್, ಅಂತರ 50 ಸೆಂಟಿಮೀಟರ್ ಅಂತ ಇಟ್ಟರೆ ಪ್ರತಿ ಪಕ್ಕಕ್ಕೆ 15 ಕೆಜಿ ಬಲ ಬೇಕು. ಸಮ ನೆಲದಲ್ಲಿ ನೇರ ಓಡಲು ಬೇಕಾದ್ದು ಇದರ ಸಣ್ಣದೊಂದು ಪಾಲು. ಅದೇ ರೋಬೋಟ್‌ನ ಅಂತರವನ್ನು 30 ಸೆಂಟಿಮೀಟರಿಗೆ ಇಳಿಸಿ ನೋಡಿ. ಬೇಕಾದ ಬಲ 25 ಕೆಜಿ ಆಗುತ್ತದೆ. ಆದರೆ ಪ್ರತಿ ಟ್ರ್ಯಾಕಿನ ಮೇಲಿರುವ ತೂಕವೇ 25 ಕೆಜಿ, ಅದು ತಳ್ಳಬಲ್ಲ ಗರಿಷ್ಠ ಬಲವೂ ಅಷ್ಟೇ. ಅಂದರೆ ಉದ್ದವು ಅಂತರದ ಎರಡು ಪಟ್ಟು ಮುಟ್ಟಿತು ಅಂದರೆ ಎಂಥ ಮೋಟರ್ ಹಾಕಿದರೂ ಟ್ರ್ಯಾಕ್ ಜಾರುತ್ತದೆ, ರೋಬೋಟ್ ತಿರುಗುವುದಿಲ್ಲ. ಈ ಎರಡು ಪಟ್ಟಿನ ಗೆರೆಯ ಹತ್ತಿರವೂ ಸುಳಿಯಬಾರದು. ಒಂದೂವರೆ ಪಟ್ಟಿನ ಒಳಗೇ ಇರಬೇಕು, ಒಂದು ಪಟ್ಟಿನ ಆಸುಪಾಸು ಇದ್ದರೆ ಡ್ರೈವರ್‌ಗೆ ನೆಮ್ಮದಿ.

ಟ್ಯಾಂಕ್ ಕಂಡುಹಿಡಿದವರೇ ಇದರಲ್ಲಿ ಒದ್ದಾಡಿದ್ದರು. ಬ್ರಿಟಿಷರ ಮೊದಲ ಟ್ಯಾಂಕ್ ಮಾರ್ಕ್ 1 ಯುದ್ಧಕ್ಕೆ ಇಳಿದದ್ದು ಮೊದಲ ಮಹಾಯುದ್ಧದಲ್ಲಿ, 1916ರ ಸೆಪ್ಟೆಂಬರ್ 15ರಂದು, ಫ್ರಾನ್ಸಿನ ಸೋಮ್‌ನಲ್ಲಿ. ಒಳಗೆ ಎಂಟು ಜನ, ಅವರಲ್ಲಿ ನಾಲ್ವರು ಬರೀ ಓಡಿಸಲಿಕ್ಕೇ ಬೇಕಿತ್ತು. ಎಡಬಲದ ಗೇರ್‌ಗಳಿಗೆ ಒಬ್ಬೊಬ್ಬ, ಬ್ರೇಕಿಗೆ ಒಬ್ಬ, ಜೊತೆಗೆ ಡ್ರೈವರ್. ತಿರುಗಿಸಲು ನೆರವಾಗಲಿ ಅಂತ ಹಿಂದೆ ಎರಡು ಚಕ್ರದ ಬಾಲವನ್ನೂ ಕಟ್ಟಿದ್ದರು. ಅದು ಪ್ರಯೋಜನಕ್ಕೆ ಬರಲಿಲ್ಲ, ಆಮೇಲೆ ಕಿತ್ತೇಬಿಟ್ಟರು. ಒಬ್ಬನೇ ಡ್ರೈವರ್ ಓಡಿಸಿ ತಿರುಗಿಸುವಂತಾದದ್ದು 1918ರಲ್ಲಿ ಬಂದ ಮಾರ್ಕ್ 5ರಲ್ಲಿ, ಎಂಜಿನಿಯರ್ ವಾಲ್ಟರ್ ವಿಲ್ಸನ್ ಮಾಡಿದ ಹೊಸ ಗೇರ್ ವ್ಯವಸ್ಥೆಯಿಂದ. ಯುದ್ಧದ ಒತ್ತಡ, ದೇಶದ ಹಣ ಎರಡೂ ಇದ್ದವರಿಗೇ ಎರಡು ವರ್ಷ ಹಿಡಿಯಿತು. ಹುಡುಗರು ಕೆಲವೇ ವಾರಗಳಲ್ಲಿ ಇದನ್ನು ಕಟ್ಟುತ್ತಾರೆ ಅಂದರೆ ಮೊದಲ ದಿನದಿಂದಲೇ ತಿರುಗುವ ಲೆಕ್ಕ ಹಾಕಬೇಕು, ಅಲ್ವಾ?

ಪರಿಹಾರ ಇಲ್ಲದೇ ಇಲ್ಲ. ಟ್ರ್ಯಾಕಿನ ಒಟ್ಟು ಉದ್ದ ಬೇರೆ, ನೆಲಕ್ಕೆ ತಾಗುವ ಉದ್ದ ಬೇರೆ. ಕೆಳಗಿನ ರೋಲರ್‌ಗಳಲ್ಲಿ ನಡುವಿನವನ್ನು ಮೂರರಿಂದ ಐದು ಮಿಲಿಮೀಟರ್ ಕೆಳಗೆ ಕೂರಿಸಿದರೆ ಗಟ್ಟಿ ನೆಲದಲ್ಲಿ ಭಾರವೆಲ್ಲ ನಡುವಿನ ತುಂಡಿನ ಮೇಲೆ ಬೀಳುತ್ತದೆ. ಮೇಲೆ ಹೇಳಿದ ಲೆಕ್ಕದಲ್ಲಿ ತಾಗುವ ಉದ್ದ 60ರಿಂದ 30ಕ್ಕೆ ಇಳಿದರೆ ಬಲವೂ 15ರಿಂದ ಏಳೂವರೆ ಕೆಜಿಗೆ ಇಳಿಯಿತು. ದಿಣ್ಣೆ ಬಂದಾಗ ತುದಿಗಳೂ ತಾಗಿ ಪೂರ್ತಿ ಉದ್ದ ಕೆಲಸಕ್ಕೆ ಬರುತ್ತದೆ. ದಪ್ಪ ಕಾರ್ಪೆಟ್ ಇದ್ದರೆ ಮಾತ್ರ ರೋಲರ್ ಅದರೊಳಗೆ ಹೂತು ತುದಿಗಳೂ ತಾಗಿಬಿಡುತ್ತವೆ, ಆಗ ಇನ್ನೂ ಸ್ವಲ್ಪ ಇಳಿಸಬೇಕು. ಅದಕ್ಕೇ ನೆಲ ಯಾವುದು ಅಂತ ಮೊದಲೇ ಗೊತ್ತಿರಬೇಕು ಅನ್ನುವುದು. ಈ ಮಾತಿಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಮೆಟ್ಟಿಲು ಹತ್ತುವ ರೋಬೋಟ್‌ನಲ್ಲಿ ಇಕ್ಕಟ್ಟು ಇನ್ನೂ ಜಾಸ್ತಿ. ಎರಡು ಮೆಟ್ಟಿಲ ಮೂಲೆಗಳ ಮೇಲಾದರೂ ಟ್ರ್ಯಾಕ್ ಯಾವಾಗಲೂ ಕೂತಿರಬೇಕು, ಇಲ್ಲದಿದ್ದರೆ ಮುಂಭಾಗ ಧೊಪ್ಪನೆ ಬೀಳುತ್ತದೆ. ಅದಕ್ಕೆ ಟ್ರ್ಯಾಕಿನ ಉದ್ದ ಮೂಲೆಯಿಂದ ಮೂಲೆಗಿರುವ ದೂರದ ಎರಡು ಪಟ್ಟು ಬೇಕು. ಮೆಟ್ಟಿಲ ಅಗಲ 28, ಎತ್ತರ 17 ಸೆಂಟಿಮೀಟರ್ ಇದ್ದರೆ ಮೂಲೆಗಳ ದೂರ ಸುಮಾರು 33, ಅಂದರೆ ಟ್ರ್ಯಾಕ್ 66 ಸೆಂಟಿಮೀಟರ್ ಬೇಕು. ಹತ್ತಲು ಉದ್ದ ಬೇಕು, ತಿರುಗಲು ಗಿಡ್ಡ ಬೇಕು. ಪ್ಯಾಕ್‌ಬಾಟ್‌ನಂಥ ರೋಬೋಟ್‌ಗಳು ಇದನ್ನು ಬಿಡಿಸಿದ ರೀತಿ ನನಗೆ ಬಹಳ ಇಷ್ಟ. ಮುಂದೆ ಎರಡು ಪುಟ್ಟ ಟ್ರ್ಯಾಕಿನ ತೋಳುಗಳು. ಮೆಟ್ಟಿಲು ಬಂದಾಗ ಚಾಚಿದರೆ ಉದ್ದ, ಸಮ ನೆಲದಲ್ಲಿ ಮಡಚಿದರೆ ಗಿಡ್ಡ. 2011ರಲ್ಲಿ ಫುಕುಶಿಮಾ ಅಣುಸ್ಥಾವರದ ಅಪಘಾತದ ನಂತರ ಮನುಷ್ಯರು ಹೋಗಲಾಗದ ಕಟ್ಟಡಗಳ ಒಳಗೆ ಹೋದವುಗಳಲ್ಲಿ ಪ್ಯಾಕ್‌ಬಾಟ್ ಇತ್ತು, ಜಪಾನಿನವರೇ ಕಟ್ಟಿದ ಕ್ವಿನ್ಸ್ ಇತ್ತು. ಎರಡಕ್ಕೂ ಇಂಥ ಮಡಚುವ ತೋಳುಗಳಿದ್ದವು.

ಮೋಟರ್ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಡಿಸಿ ಮೋಟರ್‌ನಲ್ಲಿ ಟಾರ್ಕ್ (ತಿರುಗಿಸುವ ಬಲ) ಕೇಳಿದಷ್ಟೂ ಕರೆಂಟ್ ಏರುತ್ತದೆ. ಗೇರ್ ಅನುಪಾತವನ್ನು ನೇರ ಓಟದ ವೇಗ ನೋಡಿ ಆರಿಸಿದರೆ ತಿರುಗುವಾಗ ಮೋಟರ್ ನಿಂತೇಹೋಗುವ ಹತ್ತಿರ ಬರುತ್ತದೆ, ಬ್ಯಾಟರಿ ವೋಲ್ಟೇಜ್ ಕುಸಿಯುತ್ತದೆ, ಕಂಟ್ರೋಲರ್ ರೀಸೆಟ್ ಆಗುತ್ತದೆ. ಹುಡುಗರು ಪ್ರೋಗ್ರಾಂನಲ್ಲಿ ತಪ್ಪು ಹುಡುಕುತ್ತಾ ಕೂರುತ್ತಾರೆ, ಕಾಯಿಲೆ ಇರುವುದು ಅಡಿಯಲ್ಲಿ. ತಿರುಗಲು ಬೇಕಾದ ಬಲವನ್ನು ಸ್ಪ್ರಾಕೆಟ್‌ನ ತ್ರಿಜ್ಯದಿಂದ ಗುಣಿಸಿ ಟಾರ್ಕ್ ತೆಗೆಯಿರಿ, ಆ ಟಾರ್ಕ್‌ಗೆ ಗೇರ್ ಆರಿಸಿ. ವೇಗ ಎಷ್ಟು ಬರುತ್ತದೋ ಅಷ್ಟಕ್ಕೆ ತೃಪ್ತಿಪಡಿ.

ಇನ್ನು ಟ್ರ್ಯಾಕ್ ಕಳಚುವ ಕಾಟ. ಇದರ ಬಗ್ಗೆ ಕೂತು ಮಾತಾಡಬೇಕು, ಯಾಕೆಂದರೆ ಕಳಚಿದ ರೋಬೋಟ್ ಅಲ್ಲಿಗೆ ಮುಗಿಯಿತು. ಚಕ್ರ ಒಂದು ಹೋದರೂ ಉಳಿದವು ಎಳೆಯುತ್ತವೆ, ಟ್ರ್ಯಾಕ್ ಹೋದರೆ ಇದ್ದಲ್ಲೇ ಗಿರಕಿ.

ನಮ್ಮ ತಂಡದಲ್ಲಿ ಒಬ್ಬ ಹುಡುಗಿ ಇದ್ದಾಳೆ, ಮೆಕ್ಯಾನಿಕಲ್ ಓದುತ್ತಿದ್ದಾಳೆ. "ಸರ್, ಎಡಗಡೆ ತಿರುಗಿದಾಗ ಮಾತ್ರ ಬೆಲ್ಟ್ ಹೊರಗೆ ಬರ್ತಿದೆ, ಬಲಗಡೆ ಏನೂ ಆಗಲ್ಲ" ಅಂದಳು. "ನಿಂತು ನೋಡಬೇಡಮ್ಮ, ಮಲಗಿ ನೋಡು" ಅಂದೆ. ಇಬ್ಬರೂ ರೋಬೋಟ್‌ನ ಹಿಂದೆ ಹೊಟ್ಟೆ ಮೇಲೆ ಮಲಗಿದೆವು. ಇನ್ನೊಬ್ಬ ಹುಡುಗ ನಿಧಾನವಾಗಿ ತಿರುಗಿಸಿದ. ಕೆಳಗಿನ ಬೆಲ್ಟು ಬಿಲ್ಲಿನಂತೆ ಪಕ್ಕಕ್ಕೆ ಬಾಗಿತು. ಕೊನೆಯ ರೋಲರ್ ಬಂದ ಕೂಡಲೇ ಬೆಲ್ಟಿನ ಅಂಚು ಅದರ ಫ್ಲ್ಯಾಂಜ್, ಅಂದರೆ ಪಕ್ಕದಲ್ಲಿ ಎದ್ದಿರುವ ಅಂಚು, ಹತ್ತತೊಡಗಿತು. ಅರ್ಧ ಹತ್ತಿ ನಿಂತಿತು, ಸ್ವಲ್ಪ ಕೆಳಗಿಳಿಯಿತು, ಮತ್ತೆ ಹತ್ತಿತು. ಮೂರನೆಯ ಸಲ ಟಕ್ ಅಂತ ಆಚೆ. ಫ್ಲ್ಯಾಂಜ್ ಮೇಲೆ ಕಪ್ಪು ರಬ್ಬರ್ ಪುಡಿ ಉಂಗುರದ ಹಾಗೆ ಕೂತಿತ್ತು, ಒಂದೇ ಕಡೆ ದಪ್ಪಗೆ. ಅವಳು ಸ್ಕೇಲ್ ಬಿಟ್ಟು, ಸೂಕ್ಷ್ಮವಾಗಿ ಅಳೆಯುವ ವರ್ನಿಯರ್ ತಂದು ರೋಲರ್‌ನ ಒಳತುದಿ, ಹೊರತುದಿ ಎರಡನ್ನೂ ರೋಬೋಟಿನ ಚೌಕಟ್ಟಿನಿಂದ ಅಳೆದಳು. ಹೊರತುದಿ ಒಂದು ಮಿಲಿಮೀಟರಿಗೂ ಕಡಿಮೆ ಓರೆ ಇತ್ತು. ಆ ಆಕ್ಸಲ್‌ಗೆ ಆಸರೆ ಒಳಗಿನ ಪ್ಲೇಟಿನದು ಮಾತ್ರ, ಹೊರಗಿನ ತುದಿ ಗಾಳಿಯಲ್ಲಿತ್ತು. ತಿರುಗುವ ಭಾರಕ್ಕೆ ಅದು ಬಾಗಿತ್ತು.

ಹೊರಗೂ ಒಂದು ಪ್ಲೇಟ್ ಕೊಟ್ಟು ಆಕ್ಸಲ್‌ಗಳನ್ನು ಎರಡೂ ತುದಿಯಲ್ಲಿ ಹಿಡಿಸಿದರೆ ಈ ಕಾಟದ ದೊಡ್ಡ ಪಾಲು ಹೋಗುತ್ತದೆ. ತೂಕ ಏರುತ್ತದೆ ಅಂತ ಹುಡುಗರು ಹಿಂದೆಮುಂದೆ ನೋಡುತ್ತಾರೆ. ಬೇರೆಲ್ಲಾದರೂ ಉಳಿಸಿ, ಇಲ್ಲಿ ಬೇಡ. ಎರಡನೆಯದು, ಬೆಲ್ಟಿನ ಒಳಮೈಯ ನಡುವೆ ಉದ್ದಕ್ಕೂ ಒಂದು ಏಣು, ಅದು ಓಡಲು ರೋಲರ್‌ಗಳಲ್ಲಿ ತೋಡು. ಅಂಚನ್ನು ಫ್ಲ್ಯಾಂಜ್ ತಡೆಯುವುದಕ್ಕಿಂತ ನಡುವೆ ಏಣು ತಡೆದರೆ ಬೆಲ್ಟ್ ಹತ್ತುವುದು ಕಷ್ಟ. ದೊಡ್ಡ ಟ್ಯಾಂಕುಗಳ ಟ್ರ್ಯಾಕಿನಲ್ಲಿ ಕೊಂಬುಗಳಂತೆ ಎದ್ದಿರುವ ತುಂಡುಗಳು ಮಾಡುವ ಕೆಲಸವೂ ಇದೇ.

ಬಿಗಿತ ಇನ್ನೊಂದು. ಸಡಿಲ ಬಿಟ್ಟರೆ ಕಳಚುತ್ತದೆ, ಸ್ಪ್ರಾಕೆಟ್ ಹಲ್ಲು ಹಾರುತ್ತದೆ. ಬಿಗಿ ಜಾಸ್ತಿಯಾದರೆ ಬೇರಿಂಗ್ ಸಾಯುತ್ತದೆ, ಮೋಟರ್‌ನ ಶಕ್ತಿ ಬೆಲ್ಟ್ ಎಳೆಯುವುದರಲ್ಲೇ ಮುಗಿಯುತ್ತದೆ. ಒಳಮೈಯಲ್ಲಿ ಹಲ್ಲುಗಳಿರುವ ಟೈಮಿಂಗ್ ಬೆಲ್ಟನ್ನೇ ಟ್ರ್ಯಾಕ್ ಮಾಡಿಕೊಂಡಿದ್ದರೆ ಓಡಿಸುವ ಪುಲ್ಲಿಯಲ್ಲಿ ಕನಿಷ್ಠ ಆರು ಹಲ್ಲು ಕಚ್ಚಿರಬೇಕು, ಅಷ್ಟು ಸುತ್ತು ಸಿಗುವಂತೆ ಪಕ್ಕದ ರೋಲರ್ ಕೂರಿಸಿ. ಆ ಬೆಲ್ಟಿನೊಳಗೆ ಫೈಬರ್ ಗ್ಲಾಸ್, ಕೆವ್ಲಾರ್ ಅಥವಾ ಉಕ್ಕಿನ ಎಳೆಗಳಿರುತ್ತವೆ, ಅದು ಹಿಗ್ಗುವುದಿಲ್ಲ. ಹಲ್ಲಿನ ನಡುವೆ ಒಂದು ಸ್ಕ್ರೂ ಸಿಕ್ಕಿತು ಅಂದುಕೊಳ್ಳಿ, ಐಡ್ಲರ್ ಹಿಂದೆ ಸರಿಯದಿದ್ದರೆ ಏನೋ ಒಂದು ಮುರಿಯಲೇಬೇಕು. ಎಕ್ಸ್‌ಕವೇಟರ್‌ನಲ್ಲಿ ಐಡ್ಲರ್ ಹಿಂದೆ ಗ್ರೀಸ್ ಸಿಲಿಂಡರ್, ಅದರ ಹಿಂದೆ ಭಾರೀ ಸ್ಪ್ರಿಂಗ್ ಇಟ್ಟಿರುವುದು ಇದಕ್ಕೇ. ಬಿಗಿತ ಹೊಂದಿಸುವುದು ಗ್ರೀಸ್, ಕಲ್ಲು ಸಿಕ್ಕಾಗ ಸರಿಯುವುದು ಸ್ಪ್ರಿಂಗ್. ರೋಬೋಟ್‌ಗೆ ಬೋಲ್ಟಿನಿಂದ ಹೊಂದಿಸುವ ಐಡ್ಲರ್, ಅದರ ಹಿಂದೆ ಮೊದಲೇ ಒತ್ತಿಟ್ಟ ಗಟ್ಟಿ ಸ್ಪ್ರಿಂಗ್ ಸಾಕು. ಬರೀ ಮೆತ್ತನೆಯ ಸ್ಪ್ರಿಂಗ್ ಹಾಕಬೇಡಿ, ರಿವರ್ಸ್ ಹೊಡೆದಾಗ ಐಡ್ಲರ್ ಒಳಗೆ ಹೋಗಿ ಹಲ್ಲು ಹಾರುತ್ತದೆ.

ಮೋಟರ್ ಓಡಿಸುವ ಸ್ಪ್ರಾಕೆಟ್ ಹಿಂದೆ ಇರಲಿ. ಮುಂದೆ ಸಾಗುವಾಗ ಹಿಂದಿನ ಸ್ಪ್ರಾಕೆಟ್ ಕೆಳಗಿನ ಬೆಲ್ಟನ್ನು ನೇರ ಎಳೆಯುತ್ತದೆ, ಮೇಲಿನ ಭಾಗ ಹಾಯಾಗಿರುತ್ತದೆ. ಸ್ಪ್ರಾಕೆಟ್ ಮುಂದಿದ್ದರೆ ಆ ಎಳೆತ ಮೇಲಿನ ಉದ್ದವನ್ನೆಲ್ಲ ದಾಟಿ ಹಿಂದಿನ ಐಡ್ಲರ್ ಸುತ್ತಿ ಕೆಳಗೆ ಬರಬೇಕು. ಎಕ್ಸ್‌ಕವೇಟರ್ ಆಪರೇಟರ್‌ಗೆ ದೂರ ಹೋಗುವಾಗ ಸ್ಪ್ರಾಕೆಟ್ ಹಿಂದಿಟ್ಟುಕೊಂಡೇ ಓಡಿಸು ಅಂತ ಕಲಿಸುತ್ತಾರೆ. ಟ್ಯಾಂಕುಗಳಲ್ಲಿ ಎರಡೂ ಪದ್ಧತಿ ಇದ್ದವು, ರಷ್ಯನ್ನರ ಟಿ-34ರಲ್ಲಿ ಹಿಂದೆ, ಅಮೆರಿಕದ ಶೆರ್ಮನ್‌ನಲ್ಲಿ ಮುಂದೆ. ಆದರೆ ಎದುರಾಳಿಗೆ ಗುದ್ದುವ, ಮೆಟ್ಟಿಲಿಗೆ ಮೂತಿ ಕೊಡುವ ರೋಬೋಟ್‌ನಲ್ಲಿ ಮುಂಭಾಗಕ್ಕೆ ಏಟು ಜಾಸ್ತಿ. ಏಟು ಐಡ್ಲರ್ ತಿನ್ನಲಿ, ಗೇರ್‌ಬಾಕ್ಸ್ ಬೇಡ.

ಬ್ಯಾಟರಿ ಎಲ್ಲಿಡಬೇಕು ಅಂತ ಹುಡುಗರು ಕೊನೆಗೆ ಯೋಚಿಸುತ್ತಾರೆ, ಅದು ಮೊದಲೇ ಆಗಬೇಕು. ಭಾರದ ಕೇಂದ್ರ ನೆಲದಿಂದ 20 ಸೆಂಟಿಮೀಟರ್ ಎತ್ತರದಲ್ಲಿದ್ದರೆ 30 ಡಿಗ್ರಿ ಏರಿನಲ್ಲಿ ಭಾರ ಹನ್ನೊಂದೂವರೆ ಸೆಂಟಿಮೀಟರ್ ಹಿಂದಕ್ಕೆ ಸರಿಯುತ್ತದೆ. ಬ್ಯಾಟರಿ ಕೆಳಗೆ, ನಡುವಿಗಿಂತ ತುಸು ಮುಂದೆ ಇಟ್ಟರೆ ಒಳ್ಳೆಯದು. ಹಾಗೆಯೇ, ಹೊರಗಿನ ಪ್ಲೇಟ್ ಬಿಚ್ಚದೆ ಐಡ್ಲರ್ ಸಡಿಲಿಸಿ ಬೆಲ್ಟ್ ಬದಲಿಸಲು ಬರಬೇಕು. ಪಂದ್ಯಗಳ ನಡುವೆ ಸಿಗುವ ಸಮಯ ಅಷ್ಟೇ.

ಈಗ ನನ್ನ ಬೇಡಿಕೆ. ಈಚೆಗೆ ನಮ್ಮ ತಂಡ ಹೋದ ಒಂದು ಸ್ಪರ್ಧೆಯಲ್ಲಿ ನಿಯಮ ಪುಸ್ತಕದಲ್ಲಿ ಅಡೆತಡೆಗಳ ಎತ್ತರ, ಅಗಲ ಎಲ್ಲ ಇತ್ತು, ನೆಲ ಯಾವುದು ಅನ್ನುವುದು ಇರಲಿಲ್ಲ. ಹೋಗಿ ನೋಡಿದರೆ ಕಾರ್ಪೆಟ್. ಪ್ಲೈವುಡ್ ಮೇಲೆ ಚೆನ್ನಾಗಿ ತಿರುಗುತ್ತಿದ್ದ ಎಷ್ಟೋ ತಂಡಗಳ ರೋಬೋಟ್‌ಗಳು ಅಲ್ಲಿ ಗುರ್ ಅಂದು ನಿಂತವು. ಒಂದು ತಂಡದ ಹುಡುಗರು ಟ್ರ್ಯಾಕಿನ ತುದಿಗಳಿಗೆ ಇನ್ಸುಲೇಷನ್ ಟೇಪ್ ಸುತ್ತಿ ಹಿಡಿತ ಕಡಿಮೆ ಮಾಡಲು ಹೆಣಗುತ್ತಿದ್ದರು. ತಿಂಗಳುಗಟ್ಟಲೆ ನಿದ್ದೆಗೆಟ್ಟು ಕಟ್ಟಿದ ಯಂತ್ರ ಒಂದು ಸಾಲಿನ ಮಾಹಿತಿ ಇಲ್ಲದೆ ಸೋಲುವುದು ನೋಡಿ ನನಗೆ ಸಂಕಟವಾಯಿತು. ಸೋಲಲಿ, ಆದರೆ ಅವರ ಲೆಕ್ಕ ತಪ್ಪಿ ಸೋಲಲಿ.

ಸ್ಪರ್ಧೆ ನಡೆಸುವವರು ನಿಯಮ ಪುಸ್ತಕದ ಮೊದಲ ಪುಟದಲ್ಲೇ ನೆಲದ ವಸ್ತು ಯಾವುದು, ಎಷ್ಟು ದಪ್ಪ, ಅಡಿಯಲ್ಲಿ ಏನಿದೆ ಅಂತ ಬರೆಯಲಿ. ಅದೇ ನೆಲದ ಒಂದು ತುಂಡನ್ನು ತಂಡಗಳು ಕೂರುವ ಜಾಗದ ಪಕ್ಕ ಹಾಸಿಡಲಿ, ಬಂದ ಕೂಡಲೇ ಓಡಿಸಿ ನೋಡಲು. ತೂಕ, ಅಳತೆ ತಪಾಸಣೆ ಮಾಡುವಾಗಲೇ ಪ್ರತಿ ರೋಬೋಟನ್ನೂ ಇದ್ದಲ್ಲೇ ಎಡಕ್ಕೆ ಒಂದು ಸುತ್ತು, ಬಲಕ್ಕೆ ಒಂದು ಸುತ್ತು ತಿರುಗಿಸಿ ನೋಡಲಿ. ಅಲ್ಲಿ ಎಡವಿದ ತಂಡಕ್ಕೆ ರೋಲರ್ ಇಳಿಸಲು, ಗೇರ್ ಬದಲಿಸಲು ಇನ್ನೂ ಹೊತ್ತಿರುತ್ತದೆ. ತೀರ್ಪುಗಾರರೂ ವೇಗ ಎಷ್ಟು ಅಂತ ಕೇಳುವ ಜೊತೆಗೆ ತಾಗುವ ಉದ್ದ ಎಷ್ಟು, ಅಂತರ ಎಷ್ಟು, ಯಾಕೆ ಅಂತ ಕೇಳಲಿ. ಉತ್ತರ ಕೊಡಬಲ್ಲ ಹುಡುಗರು ಬಹಳ ಇದ್ದಾರೆ, ಕೇಳುವವರು ಕಡಿಮೆ.

ನಿಮ್ಮಲ್ಲೂ ಒಂದು ಕೋರಿಕೆ. ಗೆದ್ದ ತಂಡ ಕಪ್ ಎತ್ತಿ ನಿಂತ ಫೋಟೊ ಹಾಕುತ್ತೀರಿ, ಹಾಕಿ. ಅದರ ಪಕ್ಕ ಆ ರೋಬೋಟನ್ನು ಮಗುಚಿ ಹಾಕಿ ತೆಗೆದ ಇನ್ನೊಂದು ಫೋಟೊ ಇರಲಿ, ರೋಲರ್‌ಗಳು, ಐಡ್ಲರ್, ಸ್ಪ್ರಾಕೆಟ್ ಎಲ್ಲ ಕಾಣುವ ಹಾಗೆ. ಕಟ್ಟಿದ ಹುಡುಗ ಅಥವಾ ಹುಡುಗಿಯ ಕೈಯಲ್ಲೇ ಅದಕ್ಕೆ ನಾಲ್ಕು ಸಾಲು ವಿವರಣೆ ಬರೆಸಿ. ಮುಂದಿನ ವರ್ಷ ಟ್ರ್ಯಾಕ್ ಹಾಕಲು ಹೊರಟವರು ಅದನ್ನು ಕತ್ತರಿಸಿ ವರ್ಕ್‌ಶಾಪಿನ ಗೋಡೆಗೆ ಅಂಟಿಸಿಕೊಳ್ಳುತ್ತಾರೆ.

ಇಂತಿ ನಿಮ್ಮ ಓದುಗ,
ನಿವೃತ್ತ ಅಂಡರ್‌ಕ್ಯಾರೇಜ್ ಮೆಕ್ಯಾನಿಕ್